ವರ್ಷಾರಂಭವೂ ವ್ರತಸ್ಮರಣವೂ: ಬ್ರಹ್ಮಸಮಾಜದ ಇತಿಹಾಸದಲ್ಲಿ ಕೆಲವು ದಿವಸಗಳು

ಚೈತ್ರ ಶುದ್ಧ ಪ್ರತಿಪದೆಯ ದಿವಸ ನಮ್ಮ ನಾಡಿನಲ್ಲಿ ಬೇವು-ಬೆಲ್ಲವನ್ನು ಸವಿದು ಹೊಸ ಪಂಚಾಂಗವನ್ನು ಕೇಳುವ ಪದ್ಧತಿಯುಂಟು. ದೀಪಾವಳಿಯ ಪಾಡ್ಯಕ್ಕೆ ವರ್ತಕರು ಖಾತೆಯ ಪುಸ್ತಕವನ್ನು ಪೂಜಿಸಿ ಹೊಸ ಲೆಕ್ಕವನ್ನು ತೆರೆಯುವರು. ವಂಗದೇಶದ ವರ್ತಕರು ಇದೇ ಕಾರ್ಯವನ್ನು ವೈಶಾಖದ ಮೊದಲನೆಯ ದಿವಸ ಮಾಡುವರು. ಅದಕ್ಕೆ ಅವರು ಹಾಲ್‌ಖಾತಾ ಎನ್ನುವರು. ಹಣದ ಲೆಕ್ಕವನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡದ ಅಂಗಡಿಯು ಬಹುಕಾಲ ನಡೆಯಲಾರದು. ಧರ್ಮದ ಲೆಕ್ಕವನ್ನಾದರೋ ಹೀಗೆ ತೆಗೆದು ನೋಡುವವರು ವಿರಳ. ಹುಟ್ಟಿನಿಂದಲೇ ಪ್ರಾಪ್ತವಾದ ಮತವು ಮನುಷ್ಯನು ಮರೆತರೂ ಅವನನ್ನು ಬಿಡುವದಿಲ್ಲ. ಹೆಸರಿನಲ್ಲಿ, ಊಟದ ಪಂಕ್ತಿಯಲ್ಲಿ, ಮದುವೆಯ ಮಂಟಪದಲ್ಲಿ ಅದು ತಾನಾಗಿಯೇ ಉಳಿದುಕೊಂಡಿರುವದು. ಆದರೆ ಸ್ವಂತ ಒಪ್ಪಿಗೆಯೊಂದರಿಂದಲೇ ಕೂಡಿದ ಉದಾರಧರ್ಮದ ಮಂಡಳಿಗೆ ಈ ಅನುಕೂಲವಿಲ್ಲ. ಅಲ್ಲಿಯ ಒಪ್ಪಿಗೆಯು ಹೊಸದಾಗುತ್ತಿರದಿದ್ದರೆ ಮಂಡಳಿಯೇ ಇಲ್ಲದಂತಾಗುವದು. ಈ ಸಂಗತಿಯನ್ನು ನಮ್ಮ ದೇಶದಲ್ಲಿಯೇ ನಡೆದ ಒಂದು ಇತಿಹಾಸದಿಂದ ಕಾಣಬಹುದು. ಶ್ರೀಮಠದ ಈ ಮಹೋತ್ಸವದ ಸಂಪುಟವನ್ನು ಓದುವ ಸದ್ಭಕ್ತರಿಗೆ ದೀಕ್ಷೆ, ವ್ರತ, ನೇಮಗಳೆಂಬ ಮಾತುಗಳು ಹೊಸವಲ್ಲ. ಆದುದರಿಂದ ಕಲಕತ್ತೆಯ ಬ್ರಹ್ಮಸಮಾಜದ ಕಥೆಯು ಅವರಿಗೆ ದೂರದ್ದಾಗಿ ತೋರಲಾರದೆಂದು ನಂಬುತ್ತೇನೆ.

ರಾಜಾ ರಾಮಮೋಹನ ರಾಯರು 1828ನೆಯ ಇಸವಿಯ ಆಗಸ್ಟ್ 20ರಂದು ಚಿತ್ಪುರ ರಸ್ತೆಯ ಒಂದು ಬಾಡಿಗೆಯ ಮನೆಯಲ್ಲಿ ಏಕದೇವೋಪಾಸನೆಯ ಸಭೆಯನ್ನು ಆರಂಭಿಸಿದರು. ಒಂದೂವರೆ ವರ್ಷದೊಳಗೆ ಸಭೆಗೆ ಸ್ವಂತ ಮಂದಿರವಾಯಿತು. 1830ನೆಯ ಜನವರಿ 8ರಂದು ಅದರ ದತ್ತಿಪತ್ರವನ್ನು ಬರೆಯಿಸಿ, ಅದೇ ತಿಂಗಳ 23ಕ್ಕೆ, ಅಂದರೆ ವಂಗಪಂಚಾಂಗದ ಮಾಘ 11ಕ್ಕೆ, ಮಂದಿರದ ಬಾಗಿಲನ್ನು ತೆರೆದರು. ಆ ದತ್ತಿಪತ್ರವು ನಿಜವಾಗಿಯೂ ಅಪೂರ್ವವಾದದ್ದು. ಸಭ್ಯತೆಯಿಂದ ನಡೆದುಕೊಳ್ಳುವ ಯಾವ ಮನುಷ್ಯನಾದರೂ, ಯಾವ ಜಾತಿಮತದವನಾದರೂ, ಇಲ್ಲಿ ಬಂದು ಜಗತ್ಕರ್ತನನ್ನು ಉಪಾಸಿಸಬಹುದು. ಇಲ್ಲಿ ಯಾವ ವಿಗ್ರಹವನ್ನೂ ಚಿತ್ರವನ್ನೂ ಇಡಬಾರದು. ಅನ್ಯರು ಪೂಜಿಸುವ ವಸ್ತುವನ್ನು ಕುರಿತು ಇಲ್ಲಿ ತಿರಸ್ಕಾರದ ಮಾತನ್ನು ಆಡಕೂಡದು. ತನ್ನ ಮತವನ್ನು ಸ್ಥಾಪಿಸುವದಕ್ಕೆಂದೇ ಕಟ್ಟಿದ ಮನೆಯಲ್ಲಿ ಪರಮತದ ನಿಂದೆಯನ್ನು ಕಾಗದದ ಮೇಲೆ ನಿಷೇಧಿಸಿದವರು ಎಷ್ಟು ಜನರಿದ್ದಾರು?

ಆದರೆ ಆ ಬಾಗಿಲಿನಲ್ಲಿ ಯಾರ ಹೆಸರನ್ನೂ ಬರೆದುಕೊಳ್ಳುತ್ತಿರಲಿಲ್ಲ. ಬರುವವರು ಬರುತ್ತಿದ್ದರು, ವ್ಯಾಖ್ಯಾನವನ್ನೂ ಸಂಗೀತವನ್ನೂ ಕೇಳುತ್ತಿದ್ದರು, ಮನೆಗೆ ಹೋಗಿ ಎಂದಿನಂತೆಯೇ ಇರುತ್ತಿದ್ದರು. 1830ನೆಯ ನವೆಂಬರದಲ್ಲಿ ರಾಯರು ವಿಲಾಯತಿಗೆ ಪ್ರಯಾಣ ಮಾಡಿದರು. 1833ನೆಯ ಸಪ್ಟೆಂಬರ 27ರಂದು ಬ್ರಿಸ್ಟಲ್ ನಗರದಲ್ಲಿ ದಿವಂಗತರಾದರು. ಆ ಬಳಿಕ ಸಮಾಜದ ದೀಪಕ್ಕೆ ಎಣ್ಣೆಯನ್ನು ಹೊಯ್ದವರು ಇಬ್ಬರೇ. ದ್ವಾರಕಾನಾಥ ಠಾಕೂರರು ಹಣವನ್ನು ಕೊಡುತ್ತಿದ್ದರು. ಆಚಾರ್ಯ ರಾಮಚಂದ್ರ ವಿದ್ಯಾವಾಗೀಶರು ಕೇಳುವವರು ಇರಲಿ ಬಿಡಲಿ, ವಾರವಾರವೂ ಪೀಠದ ಮೇಲೆ ಕುಳಿತು ಉಪನಿಷತ್ತನ್ನು ವಿವರಿಸುತ್ತಿದ್ದರು. ದೊಡ್ಡ ಪುರುಷರ ಚರಿತ್ರೆಗಳಲ್ಲಿ ಇಂಥವರಿಗೆ ಒಂದು ಸಾಲು ಸಿಕ್ಕುವದೂ ಕಷ್ಟ. ಆದರೂ ಸುಮಾರು ಹತ್ತು ವರ್ಷಗಳ ಆ ಬರಗಾಲದಲ್ಲಿ ಬೀಜವನ್ನು ಕಾಯ್ದವರು ಈ ವೃದ್ಧ ಪಂಡಿತರೇ ಎಂಬುದರಲ್ಲಿ ಸಂದೇಹವಿಲ್ಲ.

ದ್ವಾರಕಾನಾಥರ ಹಿರಿಯ ಮಗ ದೇವೇಂದ್ರನಾಥರು 1839ರಲ್ಲಿ ತತ್ತ್ವಬೋಧಿನೀ ಸಭೆಯನ್ನು ಸ್ಥಾಪಿಸಿದ್ದರು. 1842ರ ಸುಮಾರಿಗೆ ಅವರು ಬ್ರಹ್ಮಸಮಾಜಕ್ಕೆ ಬಂದು ಅಲ್ಲಿಯ ಸ್ಥಿತಿಯನ್ನು ಕಂಡರು. ಬಾಗಿಲು ಎಲ್ಲರಿಗೂ ತೆರೆದಿದ್ದರೂ ವೇದಪಾಠವು ಮಾತ್ರ ಪಕ್ಕದ ಕೋಣೆಯಲ್ಲಿ ಶೂದ್ರರ ಕಿವಿಗೆ ಬೀಳದಂತೆ ನಡೆಯುತ್ತಿದ್ದಿತು! ಅವರು ಈ ಕ್ರಮವನ್ನು ನಿಲ್ಲಿಸಿ ಬಹಿರಂಗದಲ್ಲಿಯೇ ಪಾಠವಾಗುವಂತೆ ಮಾಡಿದರು. ಎರಡನೆಯದಾಗಿ, ಸಮಾಜಕ್ಕೆ ಬರುವ ಜನರು ಒಂದು ಸಂತೆಯಂತೆ ನೆರೆದು ಚದರುವರಲ್ಲದೆ ಒಂದು ಧರ್ಮಕ್ಕೆ ಕಟ್ಟುಬಿದ್ದವರಲ್ಲವೆಂಬುದು ಅವರಿಗೆ ಕಂಡಿತು. ಕಾಳು ಯಾವದು, ಹೊಟ್ಟು ಯಾವದು ಎಂದು ತಿಳಿಯಬೇಕಾದರೆ ಒಂದು ಪ್ರತಿಜ್ಞೆಯು ಬೇಕೆಂದು ನಿಶ್ಚಯಿಸಿ ಅವರು ಪ್ರತಿಜ್ಞಾಪತ್ರವನ್ನು ಸಿದ್ಧಪಡಿಸಿದರು.

ಶಾಲಿವಾಹನ ಶಕ 1765ರ ಪೌಷ 7, ಅಂದರೆ 1843ನೆಯ ಡಿಸೆಂಬರ 21. ಸೂರ್ಯನು ದಕ್ಷಿಣದ ಎಲ್ಲೆಯನ್ನು ಮುಟ್ಟಿ ಉತ್ತರಕ್ಕೆ ತಿರುಗುವ ಹೊತ್ತು ಅದು. ಹಿಂದೆ ಮುಚ್ಚಿದ ಬಾಗಿಲಿನೊಳಗೆ ವೇದಪಾಠವಾಗುತ್ತಿದ್ದ ಕೋಣೆಯಲ್ಲಿಯೇ ವೇದಿಕೆಯನ್ನು ಅಣಿಗೊಳಿಸಿ ವಿದ್ಯಾವಾಗೀಶರನ್ನು ಕುಳ್ಳಿರಿಸಿದರು. ದೇವೇಂದ್ರನಾಥರೂ ಇನ್ನು ಇಪ್ಪತ್ತು ಜನರೂ ಒಬ್ಬೊಬ್ಬರಾಗಿ ಎದ್ದುನಿಂತು, ಸೃಷ್ಟಿಯಾದ ಯಾವ ವಸ್ತುವನ್ನೂ ಪರಬ್ರಹ್ಮವೆಂದು ಪೂಜಿಸುವದಿಲ್ಲವೆಂದೂ ದಿನದಿನವೂ ಗಾಯತ್ರಿಯಿಂದ ಬ್ರಹ್ಮೋಪಾಸನೆಯನ್ನು ಮಾಡುವೆವೆಂದೂ ಪ್ರತಿಜ್ಞೆ ಮಾಡಿದರು. ವೃದ್ಧ ಆಚಾರ್ಯರ ಕಣ್ಣುಗಳಲ್ಲಿ ನೀರು ತುಂಬಿತು. ರಾಮಮೋಹನ ರಾಯರ ಉದ್ದೇಶವೂ ಇದೇ ಆಗಿದ್ದು ಅವರ ಕಾಲದಲ್ಲಿ ಅದು ಕೈಗೂಡಲಿಲ್ಲವೆಂದು ಅವರು ಹೇಳಿದರೆಂಬುದನ್ನು ದೇವೇಂದ್ರನಾಥರು ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿರುವರು. ಅಂದಿನಿಂದ ಅದು ಬ್ರಹ್ಮಸಮಾಜವೆಂಬ ಹೆಸರಿಗೆ ತಕ್ಕುದಾಯಿತು.

ಇಲ್ಲಿ ಒಂದು ವಿಷಯವನ್ನು ಗಮನಿಸತಕ್ಕದ್ದು. ಗಾಯತ್ರಿಯಿಂದ ಉಪಾಸನೆಯು ಎಲ್ಲರಿಗೂ ಸಾಧ್ಯವಾಗದೆಂದು ಕಂಡುಬಂದಾಗ ಪ್ರತಿಜ್ಞೆಯ ಮಾತನ್ನು ತಿದ್ದಿದರು. ರೋಗದಿಂದಾಗಲಿ ವಿಪತ್ತಿನಿಂದಾಗಲಿ ಅಶಕ್ತನಾಗದಿದ್ದರೆ, ಪ್ರತಿದಿನವೂ ಶ್ರದ್ಧೆಯಿಂದಲೂ ಪ್ರೀತಿಯಿಂದಲೂ ಪರಬ್ರಹ್ಮನಲ್ಲಿ ಆತ್ಮವನ್ನಿಡುವೆನೆಂಬ ಅರ್ಥದ ಮಾತು ಬಂದಿತು. ಮನುಷ್ಯನ ಶಕ್ತಿಯನ್ನು ಅಳೆದು ಮಾಡಿದ ಈ ತಿದ್ದುಪಡಿಯಲ್ಲಿ ನನಗೆ ದೌರ್ಬಲ್ಯವು ಕಾಣುವದಿಲ್ಲ. ಮುರಿಯುವದೇ ನಿಶ್ಚಯವಾದ ವ್ರತವನ್ನು ಹೇರುವದಕ್ಕಿಂತ ನಡೆಯಿಸಬಹುದಾದ ವ್ರತವನ್ನು ಕೊಡುವದು ಗುರುವಿನ ಲಕ್ಷಣ.

ಎರಡು ವರ್ಷಗಳಲ್ಲಿ ಪ್ರತಿಜ್ಞಾಪತ್ರಕ್ಕೆ ಸಹಿ ಮಾಡಿದವರು 500 ಜನರಾದರು. 1845ರ ಪೌಷ 7ಕ್ಕೆ ದೇವೇಂದ್ರನಾಥರು ಇವರೆಲ್ಲರನ್ನೂ ಗಂಗೆಯ ದಡದ ಗೋರಿಟಿಯ ತೋಟಕ್ಕೆ ಕರೆದರು. ಎಂಟೊಂಬತ್ತು ದೋಣಿಗಳಲ್ಲಿ ಕಲಕತ್ತೆಯಿಂದ ಜನರು ಬಂದರು; ಬೆಳಗಿನಲ್ಲಿ ಗಿಡದ ನೆರಳಿಗೆ ಕುಳಿತು ಉಪಾಸನೆ ಮಾಡಿದರು. ವ್ರತದ ನೆನಪಿಗಾಗಿ ಮಾಡಿದ ಮೊದಲಿನ ದೊಡ್ಡ ಸಮಾರಂಭವಿದು, ಎಲ್ಲರೂ ಹರ್ಷದಲ್ಲಿದ್ದರು. ಉಪಾಸನೆಯು ಮುಗಿದ ಮೇಲೆ ರಾಖಾಲದಾಸ ಹಾಲದಾರನೆಂಬವನು ಎದ್ದು, ಒಬ್ಬನೇ ದೇವನ ಉಪಾಸಕರಾದ ನಾವು ಯಜ್ಞೋಪವೀತವನ್ನು ತ್ಯಜಿಸಿ ಜಾತಿಭೇದವನ್ನು ಬಿಡುವದು ಯೋಗ್ಯವೆಂದು ಸೂಚಿಸಿದನು. ಈ ಸುದ್ದಿಯನ್ನು ಕೇಳಿ ಅವನ ತಂದೆಯು ಚೂರಿಯಿಂದ ತನ್ನ ಎದೆಯನ್ನೇ ಇರಿದುಕೊಳ್ಳಲು ಹೋದನಂತೆ. ಸಹಿ ಮಾಡುವಾಗ ವ್ರತದ ಅರ್ಥವು ಎಲ್ಲಿಯವರೆಗೆ ಹಬ್ಬುವದೆಂಬುದನ್ನು ಯಾರೂ ಯೋಚಿಸಿರಲಿಲ್ಲ. ಅದನ್ನು ವರ್ಷವರ್ಷವೂ ತೆಗೆದು ಓದುತ್ತ ಹೋದಂತೆ ಅದರೊಳಗಿನ ಪ್ರಶ್ನೆಗಳು ಹೊರಬೀಳತೊಡಗಿದವು. ಈ ಜನಿವಾರದ ಪ್ರಶ್ನೆಯು ಇಪ್ಪತ್ತು ವರ್ಷಗಳ ತರುವಾಯ ಸಮಾಜವನ್ನೇ ಒಡೆಯಿತು.

1857ರಲ್ಲಿ ಕೇಶವಚಂದ್ರ ಸೇನರು ಸಮಾಜವನ್ನು ಸೇರಿದರು. ಇವರು ವೈದ್ಯಜಾತಿಯವರು, ಬ್ರಾಹ್ಮಣರಲ್ಲ. ಆದರೂ ದೇವೇಂದ್ರನಾಥರು ಇವರನ್ನು ಆಚಾರ್ಯಪೀಠಕ್ಕೆ ಏರಿಸಲು ನಿರ್ಧರಿಸಿದರು. ಅದಕ್ಕಾಗಿ ಆರಿಸಿದ ದಿವಸವು ವಂಗನಾಡಿನ ವರ್ಷಾರಂಭ, 1862ನೆಯ ಎಪ್ರಿಲ್ 13. ಕೇಶವಚಂದ್ರರ ವಯಸ್ಸು ಆಗ 23. ಅಂದು ತಮ್ಮ ಪತ್ನಿ ಜಗನ್ಮೋಹಿನೀ ದೇವಿಯವರೂ ಸಂಗಡ ಬರತಕ್ಕದ್ದೆಂದು ಅವರು ಹಟ ಹಿಡಿದರು. ಕುಲಸ್ತ್ರೀಯು ಅಂತಃಪುರವನ್ನು ಬಿಟ್ಟು, ಜಾತಿಭ್ರಷ್ಟವೆನಿಸಿದ ಠಾಕೂರರ ಮನೆಗೆ ಹೋಗುವದೆಂದರೇನು? ಬಂಧುಗಳು ದಾರಿಗೆ ಅಡ್ಡವಾದರು. ಕೇಶವಚಂದ್ರರು ಅದಾವುದನ್ನೂ ಲೆಕ್ಕಿಸದೆ ಪತ್ನಿಯನ್ನು ಕರೆದುಕೊಂಡು ಜೋಡಾಸಾಂಕೋದ ಮನೆಗೆ ನಡೆದರು. ಮನೆಗೆ ಹಿಂದಿರುಗಕೂಡದೆಂದು ಬಂಧುಗಳು ತಿಳಿಸಿದರು. ಕೆಲವು ತಿಂಗಳು ದಂಪತಿಗಳು ದೇವೇಂದ್ರನಾಥರ ಆಶ್ರಯದಲ್ಲಿಯೇ ಇರಬೇಕಾಯಿತು. ಸಾಮಾನ್ಯರು ಹೊಸಬಟ್ಟೆಯನ್ನುಟ್ಟು ಸಿಹಿಯನ್ನುಣ್ಣುವ ದಿವಸ ಈ ತರುಣನು ಹೊಸ ವರ್ಷಕ್ಕೆ ತೆತ್ತ ಬೆಲೆಯು ತಂದೆಯ ಮನೆ! ಇದರಲ್ಲಿ ಜಗನ್ಮೋಹಿನೀ ದೇವಿಯವರ ಧೈರ್ಯವನ್ನು ಇತಿಹಾಸಕಾರರು ಸಾಕಷ್ಟು ಕೊಂಡಾಡಿಲ್ಲವೆಂದು ನನ್ನ ಅಭಿಪ್ರಾಯ. ಅವರು ಯಾವ ಪ್ರತಿಜ್ಞಾಪತ್ರಕ್ಕೂ ಸಹಿ ಮಾಡದೆ ಹೊಸ್ತಿಲನ್ನು ದಾಟಿದವರು.

ಮುಂದೆ 1864ರಲ್ಲಿ ಜನಿವಾರವನ್ನು ತ್ಯಜಿಸಿದ ಇಬ್ಬರು ತರುಣರು ಉಪಾಚಾರ್ಯರಾದರು. ಆದರೆ ಅದೇ ವರ್ಷದ ಅಕ್ಟೋಬರ 5ರ ಭಯಂಕರ ಚಂಡಮಾರುತದಿಂದ ಸಮಾಜದ ಮಂದಿರವು ಜೀರ್ಣವಾಗಿ, ಉಪಾಸನೆಯು ದೇವೇಂದ್ರನಾಥರ ಮನೆಯಲ್ಲಿ ನಡೆಯಬೇಕಾಯಿತು. ಅಲ್ಲಿ ಜನಿವಾರಧಾರಿಗಳಾದ ಹಳೆಯ ಉಪಾಚಾರ್ಯರನ್ನೇ ಪೀಠದ ಮೇಲೆ ಕುಳ್ಳಿರಿಸಿದರು. ತರುಣರು ಇದನ್ನು ಮಾತಿಗೆ ತಪ್ಪಿದಂತೆ ಎಣಿಸಿದರು. ಬಿರುಗಾಳಿಯು ಗೋಡೆಗಳನ್ನಷ್ಟೇ ಬಿರಿಯಿಸಿದ್ದಿತು. ಮನಸ್ಸುಗಳಲ್ಲಿ ಬಿರುಕು ಮೊದಲೇ ಇದ್ದಿತೆನ್ನಬೇಕು. ದೇವೇಂದ್ರನಾಥರನ್ನು ಕೇವಲ ಭೀರುವೆಂದು ಹಳಿಯುವದು ಅನ್ಯಾಯ. ಹಳಬರನ್ನು ಹೊರಗೆ ನೂಕದೆ ಎಲ್ಲರನ್ನೂ ಒಟ್ಟಿಗೆ ನಡೆಯಿಸುವ ಭಾರವು ಅವರ ಮೇಲಿದ್ದಿತು. ಆದರೂ 1866ನೆಯ ನವೆಂಬರದಲ್ಲಿ ಕೇಶವಚಂದ್ರರು ಭಾರತವರ್ಷೀಯ ಬ್ರಹ್ಮಸಮಾಜವನ್ನು ಬೇರೆಯಾಗಿ ಸ್ಥಾಪಿಸಿದರು. ಹಳೆಯದು ಆದಿ ಬ್ರಹ್ಮಸಮಾಜವೆನಿಸಿತು.

ಈ ಕಾಲದಲ್ಲಿಯೇ ಕನ್ನಡನಾಡಿನ ಕರಾವಳಿಗೂ ಇದರ ತೆರೆಯು ಬಂದು ತಾಕಿತು. 1870ರಲ್ಲಿ ಮಂಗಳೂರಿನಲ್ಲಿ ಉಳ್ಳಾಲ ರಘುನಾಥಯ್ಯನವರು ಬ್ರಹ್ಮಸಮಾಜವನ್ನು ಆರಂಭಿಸಿದರು. ಬಿಲ್ಲವರ ಮುಖಂಡರಾದ ಅರಸಪ್ಪನವರು ತಮ್ಮ ಜನರಿಗೆ ಮಾನದ ದಾರಿಯನ್ನು ಹುಡುಕುತ್ತಿದ್ದುದರಿಂದ ಕೇಶವಚಂದ್ರರು ಅಲ್ಲಿಗೆ ಪ್ರಚಾರಕರನ್ನು ಕಳುಹಿಸಿದರು. ಬಿಲ್ಲವರು ಸಮೂಹವಾಗಿ ಸೇರುವ ಮಾತು ಕೈಗೂಡಲಿಲ್ಲ. ಆದರೆ ಈ ಸಣ್ಣ ಸಮಾಜದವರೇ ಆದ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿ, ಅವರ ಮಕ್ಕಳಿಗೆ ಶಾಲೆಯನ್ನು ತೆರೆದು, ಸ್ವಜನರ ಬಹಿಷ್ಕಾರವನ್ನು ಸಹಿಸಿ, 1928ರಲ್ಲಿ ತೀರಿಕೊಳ್ಳುವವರೆಗೆ ಆ ಸೇವೆಯನ್ನು ಬಿಡಲಿಲ್ಲ.

ಕಲಕತ್ತೆಯಲ್ಲಿ ಇನ್ನೊಂದು ಪರೀಕ್ಷೆಯು ಕಾದಿದ್ದಿತು. ಕೇಶವಚಂದ್ರರ ಪ್ರಯತ್ನದಿಂದಲೇ ಆದ 1872ರ ವಿವಾಹದ ಕಾಯಿದೆಯು ವಧುವಿಗೆ 14, ವರನಿಗೆ 18 ವರ್ಷ ತುಂಬಿರಬೇಕೆಂದು ಹೇಳಿತ್ತು. 1878ನೆಯ ಮಾರ್ಚದಲ್ಲಿ ಅವರು ತಮ್ಮ ಮಗಳು ಸುನೀತಿ ದೇವಿಯನ್ನು ಕೂಚಬಿಹಾರದ ಅರಸನಿಗೆ ಕೊಟ್ಟಾಗ ವಧುವಿಗೆ 13, ವರನಿಗೆ 15 ವರ್ಷ. ಅನ್ಯರಿಗೆ ಬೋಧಿಸಿದ ನೇಮವು ಸ್ವಂತ ಮನೆಯಲ್ಲಿ ನಿಲ್ಲಲಿಲ್ಲ. ಶಿವನಾಥ ಶಾಸ್ತ್ರಿಗಳು, ಆನಂದಮೋಹನ ಬಸುಗಳು ಮೊದಲಾದವರು ಮೇ 15ಕ್ಕೆ ಸಭೆ ಸೇರಿ ಸಾಧಾರಣ ಬ್ರಹ್ಮಸಮಾಜವನ್ನು ಸ್ಥಾಪಿಸಿದರು. ಒಬ್ಬ ಪುರುಷನ ಇಚ್ಛೆಗೆ ಸಮಾಜವನ್ನು ಒಪ್ಪಿಸದೆ, ಸದಸ್ಯರೆಲ್ಲರ ಮತದಿಂದ ಕಾರ್ಯಕಾರಿಗಳನ್ನು ಆರಿಸುವ ಘಟನೆಯನ್ನು ಮಾಡಿಕೊಂಡರು. ಮೂರು ಶಾಖೆಗಳೂ ಪರಸ್ಪರ ಎಷ್ಟು ಕಾದಾಡಿದರೂ ಮಾಘ 11ರ ಉತ್ಸವವನ್ನು ಮಾತ್ರ ಯಾರೂ ಬಿಡಲಿಲ್ಲ. ರಾಯರು ತೆರೆದ ಬಾಗಿಲು ಮೂವರಿಗೂ ತಮ್ಮದೇ ಆಗಿದ್ದಿತು.

ಕೇಶವಚಂದ್ರರನ್ನು ಇಷ್ಟಕ್ಕೇ ಬಿಟ್ಟರೆ ಚಿತ್ರವು ಅಪೂರ್ಣವಾಗುವದು. 1883ನೆಯ ಜನವರಿ 1ರಂದು ಅವರು ಜಗತ್ತಿನ ರಾಷ್ಟ್ರಗಳಿಗೂ ಪೂರ್ವಪಶ್ಚಿಮದ ಮತಸಂಪ್ರದಾಯಗಳಿಗೂ ವರ್ಷಾರಂಭದ ಪತ್ರವೊಂದನ್ನು ಬರೆದು, ಮತದ ಹೆಸರಿನಲ್ಲಿ ನಡೆಯುವ ದ್ವೇಷವನ್ನು ಬಿಡಬೇಕೆಂದು ಬೇಡಿಕೊಂಡರು. ಮುಂದಿನ ವರ್ಷಾರಂಭದ ಹೊತ್ತಿಗೆ ಅವರಿಗೆ ಮರಣಸಂಕಟ. ಆದರೂ 1884ನೆಯ ಜನವರಿ 1ರಂದು ತಮ್ಮ ಮನೆಯ ಅಂಗಳದಲ್ಲಿ ಕಟ್ಟಿಸುತ್ತಿದ್ದ ನವದೇವಾಲಯವನ್ನು ಪ್ರತಿಷ್ಠಿಸಲೇಬೇಕೆಂದು, ನಡೆಯಲಾರದ ಅವರು ತಮ್ಮನ್ನು ಹೊತ್ತುಕೊಂಡು ಬರಿಸಿಕೊಂಡು ಪ್ರಾರ್ಥನೆಯನ್ನು ಸಲ್ಲಿಸಿದರು. ಅದೇ ಅವರ ಕೊನೆಯ ಸಾಮೂಹಿಕ ಉಪಾಸನೆ. ಏಳು ದಿವಸಗಳ ಮೇಲೆ, ಜನವರಿ 8ರಂದು, 45ನೆಯ ವಯಸ್ಸಿನಲ್ಲಿ ದೇಹವನ್ನು ಬಿಟ್ಟರು. ಕೂಚಬಿಹಾರದ ಮದುವೆಗಾಗಿ ಅವರನ್ನು ತೊರೆದವರೂ ಈ ಮರಣದಿಂದ ಕಣ್ಣೀರಿಟ್ಟರೆಂದರೆ ಆಶ್ಚರ್ಯವಲ್ಲ.

ಇತ್ತ ದೇವೇಂದ್ರನಾಥರು ತಮ್ಮ ಪೌಷ 7ನ್ನು ಮರೆತಿರಲಿಲ್ಲ. 1888ರಲ್ಲಿ ಶಾಂತಿನಿಕೇತನದ ದತ್ತಿಪತ್ರವನ್ನು ಬರೆಯಿಸಿ, ಮೂರ್ತಿಪೂಜೆಯೂ ಮದ್ಯಮಾಂಸಗಳೂ ಇಲ್ಲದ ಒಂದು ಮೇಳವನ್ನು ವರ್ಷಕ್ಕೊಮ್ಮೆ ನೆರೆಯಿಸಬೇಕೆಂದು ವಿಧಿಸಿದರು. ಅಲ್ಲಿಯ ಉಪಾಸನಾಮಂದಿರವು 1891ರ ಪೌಷ 7ಕ್ಕೆ ತೆರೆಯಿತು. ಅವರ ಮಗ ರವೀಂದ್ರನಾಥರ ಬ್ರಹ್ಮಚರ್ಯಾಶ್ರಮವೂ 1901ರ ಪೌಷ 7ಕ್ಕೇ ಆರಂಭವಾಯಿತು. ಇಪ್ಪತ್ತೊಂದು ಜನರು ಒಂದು ಕೋಣೆಯಲ್ಲಿ ಮಾಡಿದ ಪ್ರತಿಜ್ಞೆಯ ದಿವಸವು ಹೀಗೆ ಹಳ್ಳಿಗರ ಮೇಳವೂ ಶಾಲೆಯ ಹುಟ್ಟುಹಬ್ಬವೂ ಆಯಿತು.

ವೈಶಾಖದ ವರ್ಷಾರಂಭವನ್ನೂ ರವೀಂದ್ರನಾಥರು ಅಲ್ಲಿ ಉಪಾಸನೆಯಿಂದಲೂ ಉಪನ್ಯಾಸದಿಂದಲೂ ನಡೆಯಿಸಿಕೊಂಡು ಬಂದರು. 1941ನೆಯ ಎಪ್ರಿಲ್ 14ರಂದು ಬಂದ ವರ್ಷಾರಂಭವು ಅವರ ಪಾಲಿಗೆ ಕಡೆಯದು. ಯುರೋಪು ಯುದ್ಧದಲ್ಲಿ ಉರಿಯುತ್ತಿದ್ದಿತು. ಕವಿಗಳ ದೇಹವು ರೋಗದಿಂದ ಸೋತಿದ್ದಿತು. ನಾಗರಿಕತೆಯ ಸಂಕಟವನ್ನು ಕುರಿತು ಅವರು ಬರೆದ ಭಾಷಣವನ್ನು ಅವರ ಸಮ್ಮುಖದಲ್ಲಿ ಕ್ಷಿತಿಮೋಹನ ಸೇನರು ಓದಿದರು. ಪಶ್ಚಿಮದ ಸಭ್ಯತೆಯಲ್ಲಿ ತಾವು ಇಟ್ಟಿದ್ದ ವಿಶ್ವಾಸವು ಒಡೆದುಹೋಯಿತೆಂದು ಅದರಲ್ಲಿ ಒಪ್ಪಿಕೊಂಡಿದ್ದರೂ, ಮನುಷ್ಯನಲ್ಲಿಯ ವಿಶ್ವಾಸವನ್ನು ಬಿಡುವದು ಪಾಪವೆಂದೇ ಅವರು ಭಾವಿಸಿದ್ದರು. ಅವರ ತಂದೆಯು ವಿದ್ಯಾವಾಗೀಶರ ಮುಂದೆ ಎದ್ದುನಿಂತು ಆಗಲೇ 97 ವರ್ಷಗಳು ಕಳೆದಿದ್ದವು. ನಾಲ್ಕು ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರಂದು, ರವೀಂದ್ರನಾಥರು ಜೋಡಾಸಾಂಕೋದ ಅದೇ ಮನೆತನದ ಮನೆಯಲ್ಲಿ ಕಣ್ಣು ಮುಚ್ಚಿದರು.