ಪಿಸ್ತೂಲಿನ ಪೆಟ್ಟಿಗೆಯೂ ಬೀಗದ ಕೀರ್ತಿಯೂ

1851ರಲ್ಲಿ ಲಂಡನ್ನಿನ ಮಹಾಪ್ರದರ್ಶನವು ನಡೆದಾಗ ಇಂಗ್ಲೆಂಡಿನ ಬೀಗಗಳಿಗೆ ಅಭೇದ್ಯವೆಂಬ ಕೀರ್ತಿಯಿದ್ದಿತು. ಜೋಸೆಫ್ ಬ್ರಾಮಾ 1784ರಲ್ಲಿ ಪೇಟೆಂಟು ಪಡೆದ ಬಗೆಯ ಬೀಗವೊಂದು, ತೆರೆದವರಿಗೆ 200 ಗಿನಿಗಳೆಂಬ ಸವಾಲಿನೊಡನೆ ಪಿಕಾಡಿಲಿಯ ಅಂಗಡಿಯಲ್ಲಿ ದಶಕಗಳ ಕಾಲ ಅಜೇಯವಾಗಿ ನಿಂತಿದ್ದಿತು. ಜೆರೆಮಾಯ ಚಬ್ 1818ರಲ್ಲಿ ರಚಿಸಿದ ಬೀಗವಾದರೋ, ಕಳ್ಳಗೈ ತಗುಲಿದುದನ್ನು ಒಡೆಯನಿಗೆ ತಾನೇ ಸೂಚಿಸುತ್ತಿತ್ತು. ಅಮೆರಿಕದಿಂದ ಬಂದ ಆಲ್‌ಫ್ರೆಡ್ ಹಾಬ್ಸ್ ಚಬ್ ಬೀಗವನ್ನು 25 ನಿಮಿಷಗಳಲ್ಲಿಯೂ, ಬ್ರಾಮಾ ಬೀಗವನ್ನು 16 ದಿನಗಳಲ್ಲಿ ಹರಡಿದ 51 ಗಂಟೆಗಳ ಶ್ರಮದಿಂದಲೂ ತೆರೆದನು.

ದೋಷವನ್ನು ಬಯಲುಮಾಡುವುದು ಕಳ್ಳರಿಗೆ ಪಾಠ ಹೇಳಿದಂತಲ್ಲವೇ ಎಂಬ ಆಕ್ಷೇಪವು ಆಗ ಹುಟ್ಟಿತು. 1853ರಲ್ಲಿ ಚಾರ್ಲ್ಸ್ ಟಾಮ್ಲಿನ್‌ಸನ್ ಸಂಪಾದಿಸಿದ ಗ್ರಂಥವು ಅದಕ್ಕೆ ಸಮಾಧಾನ ಹೇಳಿತು: ಕಳ್ಳರು ತಮ್ಮ ಕಸುಬನ್ನು ಮೊದಲೇ ಬಲ್ಲರು, ಮರೆಮಾಚಿದರೆ ವಂಚಿತರಾಗುವವರು ಸಜ್ಜನರೇ.

ಈ ವಾದವು ನಮ್ಮ ಕಾಲದಲ್ಲಿ ಮರಳಿ ತಲೆಯೆತ್ತಿದುದು ಅಮೆರಿಕದ ಗೃಹಸ್ಥರು ಹಾಸಿಗೆಯ ಬದಿಯಲ್ಲಿರಿಸುವ ಸಣ್ಣ ಪಿಸ್ತೂಲಿನ ಪೆಟ್ಟಿಗೆಯ ವಿಷಯದಲ್ಲಿ. ಮ್ಯಾಸಚೂಸೆಟ್ಸ್ ಸಂಸ್ಥಾನವು 1998ರಲ್ಲಿಯೇ ಬಂದೂಕುಗಳನ್ನು ಬೀಗದಲ್ಲಿಡಬೇಕೆಂದು ಶಾಸನ ಮಾಡಿದ್ದಿತು. ಆದರೆ 2012ರಲ್ಲಿ ಲಾಸ್ ವೇಗಸ್ಸಿನ ಡೆಫ್‌ಕಾನ್ ಸಮ್ಮೇಳನದಲ್ಲಿ ಮಾರ್ಕ್ ವೆಬರ್ ಟೋಬಿಯಾಸ್ ಮತ್ತು ಸಂಗಡಿಗರು ಇಂತಹ ಹಲವು ಪೆಟ್ಟಿಗೆಗಳು ಸಂಕೇತಾಂಕವಿಲ್ಲದೆಯೂ ತೆರೆಯುವುದನ್ನು ತೋರಿಸಿದರು.

ಕಾರಣವು ಸರಳ. ಅಗ್ಗದ ಪೆಟ್ಟಿಗೆಗಳಲ್ಲಿ ಅಗುಳಿಯನ್ನು ತಡೆಯುವುದು ವಿದ್ಯುತ್ ಸುರುಳಿಯೊಂದು ಎಳೆಯುವ ಚಿಕ್ಕ ಕಡ್ಡಿ. ಬ್ಯಾಟರಿಯ ಬಲ ಅಲ್ಪವಾದುದರಿಂದ ಕಡ್ಡಿಯನ್ನು ಹಿಡಿದ ಸ್ಪ್ರಿಂಗೂ ದುರ್ಬಲವಾಗಿರಬೇಕಾಗುತ್ತದೆ. ಜೋರಾಗಿ ಅಲುಗಿದರೆ ಕಡ್ಡಿ ಕ್ಷಣಕಾಲ ಜಾರುತ್ತದೆ. ಉಕ್ಕು ಎಷ್ಟು ದಪ್ಪವಾಗಿದ್ದರೂ ಇಲ್ಲಿ ಪ್ರಯೋಜನವಿಲ್ಲ. ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಮನೆಬಳಕೆಯ ಪೆಟ್ಟಿಗೆಗಳಿಗೆ ವಿಧಿಸಿದ ಮೊದಲ ಹಂತದ ಪರೀಕ್ಷೆಯಾದರೂ ಕೈಯುಪಕರಣಗಳನ್ನು 5 ನಿಮಿಷ ತಡೆಯುವುದಷ್ಟೇ. ಎಷ್ಟೋ ಸಣ್ಣ ಪೆಟ್ಟಿಗೆಗಳಿಗೆ ಆ ಮುದ್ರೆಯೂ ಇಲ್ಲ.

ಇಲ್ಲಿನ ಎದುರಾಳಿ ಹಾಬ್ಸನಂತಹ ನಿಪುಣನಲ್ಲ, ಕುತೂಹಲದ ಮಗು. ಅದಕ್ಕೆ ಕೌಶಲವಿಲ್ಲದಿದ್ದರೂ ಬೇಕಾದಷ್ಟು ಬಿಡುವುಂಟು. ಒಡೆಯನಿಗೆ ತಕ್ಷಣ ತೆರೆಯಬೇಕು, ಮಗುವಿಗೆ ಎಂದೂ ತೆರೆಯಬಾರದು ಎಂಬ ಎರಡು ಅಪೇಕ್ಷೆಗಳು ಅಲ್ಪ ಬೆಲೆಯಲ್ಲಿ ಕೂಡಿಬರುವುದು ಕಷ್ಟ. ಬ್ರಾಮಾನ ಬೀಗ ಸೋತಾಗ ನಷ್ಟವಾದುದು 200 ಗಿನಿ ಮತ್ತು ಕೀರ್ತಿ. ಈ ಪೆಟ್ಟಿಗೆ ಸೋತರೆ ತೆರಬೇಕಾದ ಬೆಲೆ ಪ್ರಾಣ. ಆದಕಾರಣ ಬೀಗವನ್ನು ಬಲ್ಲವರು ಬಹಿರಂಗವಾಗಿ ಪರೀಕ್ಷಿಸುವುದು ಅಂದಿಗಿಂತ ಇಂದು ಹೆಚ್ಚು ಅವಶ್ಯ.