ಬಂದೂಕಿನಿಂದ ಮತಪೆಟ್ಟಿಗೆಗೆ

ಆಯುಧ ಹಿಡಿದವರು ಅದನ್ನು ಕೆಳಗಿಟ್ಟು ಚುನಾವಣೆಗೆ ನಿಂತ ಪ್ರಸಂಗವೆಂದರೆ ನಮಗೆ ನೇಪಾಳದ ಮಾವೋವಾದಿಗಳೋ ಮಿಜೋರಾಂನ ಲಾಲ್‌ಡೆಂಗಾ ಅವರೋ ನೆನಪಾಗುತ್ತಾರೆ. ಆದರೆ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿಯೇ ಇಂಥದೊಂದು ಪರಿವರ್ತನೆ ಹೈದರಾಬಾದಿನಲ್ಲಿ ನಡೆಯಿತು. ಆ ರಾಜ್ಯದ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ ನಮ್ಮ ಕೊಡಗೂ 1956ರ ನವೆಂಬರ್ 1ರಂದು ಒಂದೇ ದಿನ ಮೈಸೂರು ರಾಜ್ಯವನ್ನು ಸೇರಿದವು. ಆದುದರಿಂದ ನೆಲ್ಯಹುದಿಕೇರಿಯ ನಮಗೂ ಇದು ಮನೆಯ ಇತಿಹಾಸವೇ.

ನಿಜಾಮರ ಆಳ್ವಿಕೆಯ ವಿರುದ್ಧ ಎದ್ದ ಪ್ರವಾಹಗಳು ಎರಡು. ಮೊದಲನೆಯದು ಸ್ವಾಮಿ ರಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್. 1938ರಲ್ಲಿ ಹುಟ್ಟುವ ಮೊದಲೇ ಅದು ನಿಷೇಧಕ್ಕೊಳಗಾಗಿತ್ತು. 1947-48ರಲ್ಲಿ ರಜಾಕಾರರ ಹಾವಳಿಗೆ ಎದುರಾಗಿ ಗಡಿಯಾಚೆ ಶಿಬಿರಗಳು ಏರ್ಪಟ್ಟವು. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯ ಶಿಬಿರವನ್ನು ನಡೆಸಿದರು. ಎರಡನೆಯದು ತೆಲಂಗಾಣದ ಕಮ್ಯುನಿಸ್ಟರದು. 1946ರಲ್ಲಿ ಬಿಟ್ಟಿ ಚಾಕರಿ ಹಾಗೂ ಜಮೀನ್ದಾರರ ದಬ್ಬಾಳಿಕೆಯ ವಿರುದ್ಧ ಆರಂಭವಾದ ರೈತಹೋರಾಟ ಸಶಸ್ತ್ರ ದಂಗೆಯಾಯಿತು.

1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಒಳಬಂದು, ಐದು ದಿನಗಳಲ್ಲಿ ನಿಜಾಮರ ಪಡೆ ಶರಣಾಯಿತು. ಅನಂತರ ಹಲವೆಡೆ ನಿರಪರಾಧಿ ಮುಸಲ್ಮಾನರ ಹತ್ಯೆಗಳೂ ನಡೆದವು. ಪಂಡಿತ ಸುಂದರಲಾಲರ ಸಮಿತಿ ವರದಿ ನೀಡಿತು. ಗೆದ್ದವರ ಕಥೆ ಹೇಳುವಾಗ ಇದನ್ನು ಮರೆಮಾಚುವುದು ಸಲ್ಲದು.

ಕಮ್ಯುನಿಸ್ಟರು ಮಾತ್ರ ಬಂದೂಕು ಕೆಳಗಿಡಲಿಲ್ಲ. ಈಗ ಎದುರಿಗಿದ್ದುದು ಸ್ವತಂತ್ರ ಭಾರತದ ಸೈನ್ಯ. ನಿಜಾಮಶಾಹಿ ಮುಗಿದ ಮೇಲೂ ಸಶಸ್ತ್ರ ಹೋರಾಟ ಬೇಕೇ ಎಂದು ಅವರಲ್ಲಿಯೇ ಭೇದವುಂಟಾಯಿತು. ಬೇಡವೆಂದವರಲ್ಲಿ ರಾವಿ ನಾರಾಯಣ ರೆಡ್ಡಿ ಪ್ರಮುಖರು. ಮೂರು ವರ್ಷಗಳ ರಕ್ತಪಾತದ ತರುವಾಯ, 1951ರ ಅಕ್ಟೋಬರಿನಲ್ಲಿ ಪಕ್ಷ ಹೋರಾಟವನ್ನು ಹಿಂತೆಗೆದುಕೊಂಡಿತು.

ಕೆಲವೇ ತಿಂಗಳಲ್ಲಿ ಚುನಾವಣೆ. ಹೈದರಾಬಾದಿನಲ್ಲಿ ಪಕ್ಷದ ಮೇಲೆ ನಿಷೇಧವಿದ್ದುದರಿಂದ 'ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್' ಎಂಬ ಹೆಸರಿನಲ್ಲಿ ಸ್ಪರ್ಧಿಸಿದರು. 175 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 93, ಫ್ರಂಟಿಗೆ 42. ನಲ್ಗೊಂಡದಿಂದ ಲೋಕಸಭೆಗೆ ಆಯ್ಕೆಯಾದ ರಾವಿ ನಾರಾಯಣ ರೆಡ್ಡಿಯವರು ಪ್ರಧಾನಿ ನೆಹರೂ ಅವರಿಗಿಂತಲೂ ಹೆಚ್ಚು ಮತ ಪಡೆದರು! ಅದೇ ಚುನಾವಣೆಯಲ್ಲಿ ಗುಲ್ಬರ್ಗಾದಿಂದ ರಮಾನಂದ ತೀರ್ಥರು, ಕುಷ್ಟಗಿಯಿಂದ ಪಕ್ಷೇತರರಾಗಿ ಶಿವಮೂರ್ತಿಸ್ವಾಮಿಗಳು ಸಂಸತ್ತಿಗೆ ಹೋದರು.

ಇದು ಸಾಧ್ಯವಾದುದು ಹೇಗೆ? ನನ್ನ ತಿಳಿವಳಿಕೆಯಂತೆ ಕಾರಣ ಎರಡು. ಪಕ್ಷದ ಹೆಸರಿಗೆ ನಿಷೇಧವಿದ್ದರೂ ಅದರ ಜನರಿಗೆ ಕಣಕ್ಕಿಳಿಯುವ ಬಾಗಿಲು ತೆರೆದಿತ್ತು. ಜೊತೆಗೆ, ಹೋರಾಟದ ಮೂಲ ಪ್ರಶ್ನೆಯಾದ ಭೂಮಿಯ ವಿಷಯವನ್ನು ಸರ್ಕಾರವೂ ಕೈಗೆತ್ತಿಕೊಂಡಿತು. 1949ರಲ್ಲಿ ಜಾಗೀರುಗಳು ರದ್ದಾದವು, 1950ರಲ್ಲಿ ಗೇಣಿ ಶಾಸನ ಬಂದಿತು. ಸೈನ್ಯವೊಂದರಿಂದಲೇ ದಂಗೆ ಅಡಗಿತೆನ್ನುವುದು ಅರ್ಧಸತ್ಯ. ಬಂದೂಕೇ ಭೂಮಿ ಕೊಡಿಸಿತೆನ್ನುವುದೂ ಅರ್ಧಸತ್ಯವೇ.

1951ರಲ್ಲಿ ಹೋರಾಟ ಕೈಬಿಟ್ಟವರನ್ನು ದ್ರೋಹಿಗಳೆಂದು ಹಳಿದವರಿದ್ದಾರೆ. ಆದರೆ ಮಡಿದವರ ಮನೆಯ ಹಿರಿಯರು ಸರತಿಯ ಸಾಲಿನಲ್ಲಿ ನಿಂತು ಮತ ಹಾಕಿದ್ದನ್ನು ಸೋಲೆಂದು ಕರೆಯಲು ನನಗೆ ಮನಸ್ಸು ಬಾರದು. ಇತಿಹಾಸವನ್ನು ಬರಿಯ ಇಸವಿಗಳೆಂದು ಬೇಸರಿಸುತ್ತಿದ್ದ ನನ್ನ ವಿದ್ಯಾರ್ಥಿಗಳು 1951 ಮತ್ತು 1952 ಎಂಬ ಈ ಎರಡು ಇಸವಿಗಳ ನಡುವಣ ಅಂತರವನ್ನು ಒಮ್ಮೆ ಯೋಚಿಸಬೇಕು.