ಒಂದು ಗೇಣಿನ ಕ್ಯಾಡಿಲಾಕ್

1959ರ ಕ್ಯಾಡಿಲಾಕ್ ಕಾರಿನ ಉದ್ದ 225 ಇಂಚು. ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಸಿದರೆ ಸರಿಯಾಗಿ 9 ಇಂಚು, ಅಂದರೆ ಒಂದು ಗೇಣು. ಬಿಡಿಭಾಗ ಜೋಡಿಸಿ ಕಟ್ಟುವ ಅಮೆರಿಕದ ಪ್ಲಾಸ್ಟಿಕ್ ಕಾರು ಕಿಟ್‌ಗಳಲ್ಲಿ ಹೆಚ್ಚಿನವು ಈ ಅಳತೆಯವೇ. ಷೆವರ್ಲೆ, ಫೋರ್ಡ್, ಪಾಂಟಿಯಾಕ್, ಮರ್ಕ್ಯುರಿ, ಯಾವುದನ್ನು ಬೇಕಾದರೂ ಅಂಗೈ ಮೇಲೆ ಇಟ್ಟುಕೊಳ್ಳಬಹುದು. ಬಾನೆಟ್ ಎತ್ತಿದರೆ ಎಂಜಿನ್ ಇರುತ್ತದೆ, ತಿರುಗಿಸಿ ನೋಡಿದರೆ ಸೈಲೆನ್ಸರ್ ಕೊಳವೆ ಇರುತ್ತದೆ.

ನಾನು ಅಚ್ಚಿನ ಕೆಲಸದವನು. ಬೆಂಗಳೂರಿನ ಪೀಣ್ಯದ ಟೂಲ್ ರೂಮಿನಲ್ಲಿ ಅರ ಹಿಡಿಯಲು ಕಲಿತವನು, ಆಮೇಲೆ ಮಿಷಿಗನ್ ರಾಜ್ಯದ ಟ್ರಾಯ್ ಊರಿಗೆ ಬಂದು ಪ್ಲಾಸ್ಟಿಕ್ ಮೌಲ್ಡಿಂಗ್ ಕಾರ್ಖಾನೆಗಳಲ್ಲಿ ದುಡಿದವನು. ಇದೇ ಟ್ರಾಯ್‌ನ ಈಸ್ಟ್ ಮೇಪಲ್ ರಸ್ತೆಯಲ್ಲಿ ಇಂಥ ಕಿಟ್ ಮಾಡುವ ಎಎಂಟಿ ಕಂಪನಿ ಇತ್ತು. ಕಿಟ್ ಕಾರುಗಳ ಚರಿತ್ರೆ ಬರೆದವರೆಲ್ಲ ಕಾರಿನ ಸೊಬಗಿನ ಬಗ್ಗೆ, ಅದನ್ನು ಜೋಡಿಸಿದ ಹುಡುಗರ ಬಗ್ಗೆ ಬರೆದಿದ್ದಾರೆ. ನನಗೆ ಡಬ್ಬಿ ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಅದರ ಹಿಂದಿನ ಉಕ್ಕಿನ ಅಚ್ಚು. ಈ ಚರಿತ್ರೆಯ ಅರ್ಧ ಭಾಗ ಆ ಅಚ್ಚುಗಳಲ್ಲೇ ಇದೆ ಎಂದು ನಂಬಿದವನು ನಾನು.

ಕಿಟ್‌ಗಿಂತ ಮೊದಲು ಬಂದದ್ದು ಷೋರೂಮಿನ ಬೊಂಬೆ ಕಾರು. 1930ರ ದಶಕದಲ್ಲೇ ಷಿಕಾಗೋದ ಕಾರ್ಖಾನೆಗಳು ಲೋಹದ ಸಣ್ಣ ಕಾರುಗಳನ್ನು ಎರಕ ಹೊಯ್ದು ಕಾರು ಮಾರುವವರಿಗೆ ಕೊಡುತ್ತಿದ್ದವು. ಯುದ್ಧ ಮುಗಿದ ಮೇಲೆ, 1948ರಲ್ಲಿ, ವೆಸ್ಟ್ ಗ್ಯಾಲೋಗ್ಲಿ ಎಂಬ ವಕೀಲರು ಅಲ್ಯೂಮಿನಿಯಂ ಮಾಡೆಲ್ ಟಾಯ್ಸ್ ಎಂಬ ಕಂಪನಿ ಕಟ್ಟಿದರು. ಅದರ ಮೂರು ಮೊದಲಕ್ಷರಗಳೇ ಎಎಂಟಿ. ಮೊದಲ ಮಾಲು ಒಂದು ಫೋರ್ಡ್ ಸೆಡಾನ್. ಹೆಸರಿಗೆ ತಕ್ಕಂತೆ ಅಲ್ಯೂಮಿನಿಯಂನದು, ಮೇಲೆ ಬಳಿದದ್ದು ಫೋರ್ಡ್ ಕಂಪನಿಯ ಕಾರಿನ ಬಣ್ಣವನ್ನೇ. ಸ್ವಲ್ಪ ಕಾಲದಲ್ಲೇ ಅಲ್ಯೂಮಿನಿಯಂ ಹೋಗಿ ಪ್ಲಾಸ್ಟಿಕ್ ಬಂತು, ಹೆಸರು ಮಾತ್ರ ಉಳಿಯಿತು. ಅಪ್ಪ ದೊಡ್ಡ ಕಾರಿನ ಬೆಲೆ ಕೇಳುವಾಗ ಮಗನ ಕೈಗೆ ಸಣ್ಣ ಕಾರು ಬರುತ್ತಿತ್ತು. ಬಣ್ಣ, ಬಂಪರು, ಗ್ರಿಲ್ಲು, ಎಲ್ಲವೂ ಆ ವರ್ಷದ ಕಾರಿನಂತೆಯೇ.

ಆ ಕಾಲದ ಪ್ಲಾಸ್ಟಿಕ್ ಅಸಿಟೇಟ್. ಅದರ ಚಾಳಿ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ: ವರ್ಷಗಳು ಕಳೆದಂತೆ ಅದು ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ. 1950ರ ದಶಕದ ಷೋರೂಮ್ ಕಾರುಗಳನ್ನು ಸಂಗ್ರಾಹಕರ ಮನೆಗಳಲ್ಲಿ ನೋಡಿದ್ದೇನೆ. ಬಾನೆಟ್ ಹಪ್ಪಳದಂತೆ ಎದ್ದಿರುತ್ತದೆ. ಪಾಲಿಸ್ಟೈರೀನ್ ಬಂದ ಮೇಲೆಯೇ ಈ ಕಾರುಗಳಿಗೆ ಆಯುಸ್ಸು ಬಂತು. ಸ್ಟೈರೀನ್ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ಗಟ್ಟಿಯಾಗಿ ನಿಲ್ಲುತ್ತದೆ, ಅಂಟು ತಗುಲಿದರೆ ಕರಗಿ ಒಂದಕ್ಕೊಂದು ಬೆಸೆಯುತ್ತದೆ. ಕಿಟ್ ಎಂಬುದು ಸಾಧ್ಯವಾದದ್ದು ಈ ಕೊನೆಯ ಗುಣದಿಂದ.

ಅಚ್ಚಿನ ಕೆಲಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಟ್ರಾಯ್‌ನಲ್ಲಿ ಕೆಲಸಕ್ಕೆ ಸೇರಿದಾಗ ಪಕ್ಕದ ಬೆಂಚಿನಲ್ಲಿ ನಿವೃತ್ತಿ ಹತ್ತಿರವಾಗಿದ್ದ ಒಬ್ಬ ಟೂಲ್‌ಮೇಕರ್ ಇದ್ದರು. ಪ್ರಾಯದಲ್ಲಿ ಇಂಥ ಕಾರುಗಳ ಅಚ್ಚು ಕಡೆದವರು. ಅವರು ಹೇಳಿಕೊಟ್ಟಂತೆ, ಮೊದಲು ಕಾರನ್ನು ಬೇಕಾದ ಗಾತ್ರಕ್ಕಿಂತ ದೊಡ್ಡದಾಗಿ ಮರದಲ್ಲಿ ಕೆತ್ತಬೇಕು. ಆಮೇಲೆ ಪ್ಯಾಂಟೋಗ್ರಾಫ್ ಯಂತ್ರದ ಒಂದು ಕೈ ಆ ದೊಡ್ಡ ಮಾದರಿಯ ಮೈಮೇಲೆ ಸವರುತ್ತ ಹೋದಂತೆ, ಇನ್ನೊಂದು ಕೈಯ ಕಟರ್ ಉಕ್ಕಿನಲ್ಲಿ ಅದೇ ಆಕಾರವನ್ನು ಚಿಕ್ಕದಾಗಿ ಕೊರೆಯುತ್ತದೆ. ಯಂತ್ರ ಬಿಟ್ಟ ಗೀರುಗಳನ್ನು ಅರದಿಂದ, ಸಾಣೆಕಲ್ಲಿನಿಂದ, ಕೊನೆಗೆ ವಜ್ರದ ಪುಡಿಯ ಪೇಸ್ಟಿನಿಂದ ಉಜ್ಜಿ ತೆಗೆಯಬೇಕು. ಗಾಜಿನ ಭಾಗದ ಅಚ್ಚಂತೂ ಕನ್ನಡಿಯಾಗಬೇಕು. ಪಾರದರ್ಶಕ ಪ್ಲಾಸ್ಟಿಕ್ ಒಂದು ಕೂದಲೆಳೆಯ ಗೀರನ್ನೂ ಮುಚ್ಚಿಡುವುದಿಲ್ಲ.

ಕಾರಿನ ಮೈ ಇನ್ನೂ ಕಷ್ಟ. ಪಕ್ಕಗಳು ಕೆಳಗೆ ಬಂದಂತೆ ಒಳಕ್ಕೆ ಬಾಗುತ್ತವೆ. ಹೀಗಾಗಿ ಎರಡು ಹೋಳಿನ ಅಚ್ಚಿನಿಂದ ಅದನ್ನು ಹೊರಗೆಳೆಯಲಾಗುವುದಿಲ್ಲ. ಅಚ್ಚಿನ ಎರಡು ಪಕ್ಕ, ಮುಂಭಾಗ, ಹಿಂಭಾಗ ಎಲ್ಲವೂ ಬೇರೆಬೇರೆಯಾಗಿ ಜಾರಿ ತೆರೆದುಕೊಳ್ಳಬೇಕು. ಆ ತುಂಡುಗಳು ಕೂಡುವ ಕಡೆ ಪ್ಲಾಸ್ಟಿಕ್ ಮೇಲೆ ಒಂದು ಸಣ್ಣ ಏಣು ಉಳಿಯುತ್ತದೆ. ಮಡ್‌ಗಾರ್ಡಿನ ನೆತ್ತಿಯ ಮೇಲೆ ಬೆರಳು ಆಡಿಸಿದರೆ ಸಿಗುತ್ತದೆ. ಕಿಟ್ ಕಟ್ಟುವವರ ಮೊದಲ ಕೆಲಸವೇ ಉಪ್ಪುಕಾಗದ ಹಿಡಿದು ಅದನ್ನು ತೇಯುವುದು. ಅದನ್ನು ತೇಯದೆ ಬಣ್ಣ ಹೊಡೆದ ಕಾರು, ಎಷ್ಟೇ ಹೊಳೆಯಲಿ, ನನ್ನ ಕಣ್ಣಿಗೆ ಅರೆಗೆಲಸ.

ಡೆಟ್ರಾಯ್ಟ್ ಆಗ ಪ್ರತಿ ವರ್ಷವೂ ಕಾರಿನ ಮುಖ ಬದಲಿಸುತ್ತಿತ್ತು. ಹೊಸ ಕಾರು ಷೋರೂಮಿಗೆ ಬರುವ ಹೊತ್ತಿಗೆ ಅದರ ಗೇಣುದ್ದದ ರೂಪವೂ ಸಿದ್ಧವಿರಬೇಕು. ಆದ್ದರಿಂದ ಕಾರು ಕಂಪನಿಗಳು ತಿಂಗಳುಗಳ ಮೊದಲೇ ನಕ್ಷೆಗಳನ್ನು ಗುಟ್ಟಾಗಿ ಮಾದರಿ ಕಂಪನಿಗಳಿಗೆ ಕೊಡುತ್ತಿದ್ದವು. ಪ್ರತಿ ವರ್ಷ ಹೊಸ ಅಚ್ಚು ಮಾಡಿಸುವ ಖರ್ಚು ಯಾರಿಗೂ ಎಟುಕದು. ಕಾರಿನ ಆಕಾರ ಪೂರಾ ಬದಲಾಗದ ವರ್ಷಗಳಲ್ಲಿ ಹಳೆಯ ಅಚ್ಚನ್ನೇ ತಿದ್ದುತ್ತಿದ್ದರು. ಅಚ್ಚಿನ ಲೆಕ್ಕ ತಿರುಗುಮುರುಗು: ಉಕ್ಕನ್ನು ಕಡಿದರೆ ಪ್ಲಾಸ್ಟಿಕ್ ಹೆಚ್ಚುತ್ತದೆ, ಪ್ಲಾಸ್ಟಿಕ್ ಕಡಿಮೆಯಾಗಬೇಕಾದರೆ ಉಕ್ಕನ್ನು ಸೇರಿಸಬೇಕು. ಹೊಸ ಕ್ರೋಮ್ ಪಟ್ಟಿ ಬೇಕೆಂದರೆ ಒಂದು ಗೆರೆ ಕೊರೆದರೆ ಮುಗಿಯಿತು. ಹಳೆಯ ಪಟ್ಟಿ ಹೋಗಬೇಕೆಂದರೆ ವೆಲ್ಡಿಂಗ್ ಮಾಡಿ ತುಂಬಿ, ಮತ್ತೆ ಮೊದಲಿನಿಂದ ಉಜ್ಜಬೇಕು. ಹಾಗೆ ತಿದ್ದಿದ ಮೇಲೆ ಹಿಂದಿನ ವರ್ಷದ ಕಾರು ಆ ಅಚ್ಚಿನಿಂದ ಇನ್ನೆಂದೂ ಹುಟ್ಟುವುದಿಲ್ಲ. ಆ ಕಾಲದ ಕೆಲವು ಕಿಟ್‌ಗಳಿಗೆ ಇಂದು ನೂರಾರು ಡಾಲರ್ ಬೆಲೆ ಬಂದಿರುವುದಕ್ಕೆ ಇದು ಮುಖ್ಯ ಕಾರಣ.

ಹುಡುಗರು ಕಾರಿನ ಮಾದರಿ ಮಾಡುವ ಪರಿಪಾಠಕ್ಕೆ ಇನ್ನೊಂದು ಬೇರೂ ಇದೆ. ಜನರಲ್ ಮೋಟರ್ಸ್ 1930ರಲ್ಲಿ ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್ ಎಂಬ ಸ್ಪರ್ಧೆ ಆರಂಭಿಸಿತು. ಮೊದಮೊದಲು ಹುಡುಗರು ಮಾಡಬೇಕಾಗಿದ್ದದ್ದು ನೆಪೋಲಿಯನ್ ಕಾಲದ ಸಾರೋಟು, ಕಂಪನಿಯ ಫಿಷರ್ ಬಾಡಿ ವಿಭಾಗದ ಲಾಂಛನದಲ್ಲಿದ್ದದ್ದು. ಆಮೇಲೆ ತಮ್ಮದೇ ಕಲ್ಪನೆಯ ಕಾರನ್ನು ಹನ್ನೆರಡರಲ್ಲೊಂದು ಅಳತೆಯಲ್ಲಿ ಕೈಯಾರೆ ಕೆತ್ತಿ ಕಳಿಸಬಹುದಿತ್ತು. ಬಹುಮಾನ ವಿಶ್ವವಿದ್ಯಾಲಯದ ಓದಿನ ವೆಚ್ಚ. ಆರ್ಥಿಕ ಕುಸಿತದ ಆ ದಿನಗಳಲ್ಲಿ 5,000 ಡಾಲರ್ ವಿದ್ಯಾರ್ಥಿವೇತನ ಎಂದರೆ ಒಂದು ಕುಟುಂಬದ ಹಣೆಬರಹ ಬದಲಾದಂತೆ. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಮುಂದೆ ಜನರಲ್ ಮೋಟರ್ಸ್‌ನ ವಿನ್ಯಾಸ ವಿಭಾಗಕ್ಕೇ ಮುಖ್ಯಸ್ಥರಾದರು. 1968ರಲ್ಲಿ ಸ್ಪರ್ಧೆ ನಿಂತಿತು. ಅಷ್ಟು ಹೊತ್ತಿಗೆ ಹುಡುಗರ ಕೈಗೆ ಅಂಗಡಿಯ ಕಿಟ್ ಬಂದು ಹತ್ತು ವರ್ಷವಾಗಿತ್ತು.

1958ರಲ್ಲಿ ಎಎಂಟಿ ತಂದದ್ದು ‘ಒಂದರಲ್ಲಿ ಮೂರು’ ಎಂಬ ಕಿಟ್. ಷೋರೂಮ್ ಕಾರಿನ ಅದೇ ಅಚ್ಚು, ಆದರೆ ಬಿಡಿಭಾಗಗಳಾಗಿ. ಒಂದೇ ಡಬ್ಬಿಯಿಂದ ಕಾರ್ಖಾನೆಯ ಕಾರು, ತಿದ್ದಿದ ಕಾರು, ಓಟದ ಕಾರು, ಯಾವುದನ್ನು ಬೇಕಾದರೂ ಕಟ್ಟಬಹುದು. ಉಳಿದ ಭಾಗಗಳನ್ನು ಯಾವ ಹುಡುಗನೂ ಎಸೆಯಲಿಲ್ಲ. ಅವು ಒಂದು ಡಬ್ಬಿ ಸೇರಿದವು. ಮುಂದಿನ ಫೋರ್ಡ್‌ಗೆ ಹಿಂದಿನ ಪಾಂಟಿಯಾಕ್‌ನ ಎಂಜಿನ್, ಷೆವರ್ಲೆಗೆ ಇನ್ನಾವುದರದ್ದೋ ಚಕ್ರ. ಕಂಪನಿ ಮೂರು ಕಾರು ಎಂದಿತು, ಹುಡುಗರು ಅದನ್ನು ಮೂವತ್ತು ಮಾಡಿದರು.

ಈ ತಿದ್ದುವ ವಿದ್ಯೆ ದೊಡ್ಡ ಕಾರುಗಳಿಂದ ಬಂದದ್ದು. ಕ್ಯಾಲಿಫೋರ್ನಿಯಾದ ಜಾರ್ಜ್ ಬ್ಯಾರಿಸ್ ಯುದ್ಧಾನಂತರದ ಮರ್ಕ್ಯುರಿ ಕಾರುಗಳ ಮಾಡನ್ನು ಕತ್ತರಿಸಿ ತಗ್ಗಿಸಿ ಹೆಸರಾದವರು. 1929ರ ಫೋರ್ಡ್ ಪಿಕಪ್ಪಿನಿಂದ ಅವರ ಅಂಗಡಿಯಲ್ಲಿ ರೂಪುಗೊಂಡ ಅಲಾ ಕಾರ್ಟ್, ಓಕ್‌ಲ್ಯಾಂಡ್ ಪ್ರದರ್ಶನದಲ್ಲಿ ಅಮೆರಿಕದ ಅತಿ ಸುಂದರ ರೋಡ್‌ಸ್ಟರ್ ಪ್ರಶಸ್ತಿಯನ್ನು 1958 ಮತ್ತು 1959ರಲ್ಲಿ ಸತತವಾಗಿ ಗೆದ್ದಿತು. ಎಎಂಟಿ ಅದರ ಕಿಟ್ ತಂದಿತು. ನಮ್ಮ ಡೆಟ್ರಾಯ್ಟ್‌ನಲ್ಲೂ ಅಲೆಕ್ಸಾಂಡರ್ ಸಹೋದರರಿದ್ದರು. ಅವರು ಡಾಡ್ಜ್ ಪಿಕಪ್ ಒಂದನ್ನು ಕತ್ತರಿಸಿ ಕಟ್ಟಿದ ಡಿಯೋರಾಕ್ಕೆ ಪಕ್ಕದ ಬಾಗಿಲೇ ಇಲ್ಲ, ಮುಂದಿನ ಗಾಜನ್ನೆತ್ತಿ ಒಳಗೆ ಹೋಗಬೇಕು. 1967ರಲ್ಲಿ ಡೆಟ್ರಾಯ್ಟ್ ಪ್ರದರ್ಶನದ ರಿಡ್ಲರ್ ಪ್ರಶಸ್ತಿ ಅದಕ್ಕೆ ಬಂತು. ಅದರ ಕಿಟ್ಟೂ ಎಎಂಟಿಯದೇ. ಮರುವರ್ಷ ಹಾಟ್ ವೀಲ್ಸ್ ಮಾರುಕಟ್ಟೆಗೆ ಬಿಟ್ಟ ಮೊದಲ 16 ಕಾರುಗಳಲ್ಲಿ ಡಿಯೋರಾ ಕೂಡ ಒಂದು. ಇಂದು ಬೆಂಗಳೂರಿನ ಅಂಗಡಿಗಳಲ್ಲಿ ಹಾಟ್ ವೀಲ್ಸ್‌ಗಾಗಿ ಹುಡುಕಾಡುವ ಮಕ್ಕಳಿಗೆ ಆ ಡಿಯೋರಾದ ಮೂಲ ಇಲ್ಲಿದೆ ಎಂದು ಹೇಳಲು ನನಗೆ ಖುಷಿ.

ಮಾಡು ತಗ್ಗಿಸುವುದಕ್ಕೆ ಚಾಪ್ ಎನ್ನುತ್ತಾರೆ. ಕೇಳಲು ಸುಲಭ: ಕಿಟಕಿ ಕಂಬಗಳನ್ನು ಸಣ್ಣ ಗರಗಸದಲ್ಲಿ ಕೊಯ್ದು, ಒಂದು ಪಟ್ಟಿ ತೆಗೆದು, ಮಾಡನ್ನು ಮತ್ತೆ ಕೂರಿಸುವುದು. ಆದರೆ 1949ರ ಮರ್ಕ್ಯುರಿಯ ಮುಂದಿನ ಕಂಬ ಹಿಂದಕ್ಕೂ ಹಿಂದಿನ ಕಂಬ ಮುಂದಕ್ಕೂ ವಾಲಿವೆ. ಮಾಡನ್ನು ಇಳಿಸಿದ ಕೂಡಲೇ ಅದು ಕೆಳಗಿನ ಕಂಬಗಳ ಮೇಲೆ ಕೂರುವುದಿಲ್ಲ, ಗಿಡ್ಡವಾಗಿಬಿಡುತ್ತದೆ. ಆಗ ಒಂದೋ ಮಾಡನ್ನು ಅಡ್ಡಲಾಗಿ ಸೀಳಿ ನಡುವೆ ಪ್ಲಾಸ್ಟಿಕ್ ತುಂಡು ಸೇರಿಸಿ ಉದ್ದ ಮಾಡಬೇಕು, ಇಲ್ಲವೇ ಕಂಬಗಳನ್ನು ಇನ್ನಷ್ಟು ವಾಲಿಸಬೇಕು. ಸಂದುಗಳಿಗೆ ಪುಟ್ಟಿ, ಒಣಗಿದ ಮೇಲೆ ಉಪ್ಪುಕಾಗದ, ಪ್ರೈಮರ್, ಮತ್ತೆ ಪುಟ್ಟಿ. ಹನ್ನೆರಡು ಹದಿಮೂರು ವರ್ಷದ ಹುಡುಗರು ಯಾವ ಮೇಷ್ಟ್ರ ನೆರವೂ ಇಲ್ಲದೆ ಊಟದ ಮೇಜಿನ ಮೇಲೆ ಈ ರೇಖಾಗಣಿತ ಬಿಡಿಸಿದರು. ಪಾಲಿಟೆಕ್ನಿಕ್ ಮುಗಿಸಿ ಬಂದ ಹುಡುಗರಿಗೆ ನಾನು ಕೆಲಸ ಕಲಿಸಿದ್ದೇನೆ. ಒಂದು ಚಾಪ್ ಮಾಡಿದ ಹುಡುಗನಿಗೆ ಅರ್ಧ ಕಲಿಸುವುದೇ ಉಳಿದಿರುವುದಿಲ್ಲ.

ಉಳಿದ ಕಂಪನಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ರೆವೆಲ್. ಬಿಗ್ ಡ್ಯಾಡಿ ಎಡ್ ರಾತ್ ಅವರ ವಿಚಿತ್ರ ಕಾರುಗಳನ್ನೂ ರ‍್ಯಾಟ್ ಫಿಂಕ್ ಎಂಬ ಹೊಟ್ಟೆಬಾಕ ಇಲಿಯನ್ನೂ ತಂದದ್ದು ಅದೇ. ಷಿಕಾಗೋ ಪಕ್ಕದ ಮಾರ್ಟನ್ ಗ್ರೋವ್‌ನಲ್ಲಿ ಮಾನೋಗ್ರಾಮ್. ಅದಕ್ಕಾಗಿ ಟಾಮ್ ಡೇನಿಯಲ್ ಬಿಡಿಸಿದ ರೆಡ್ ಬ್ಯಾರನ್ ಮೊದಲು ಕಿಟ್ ಆಗಿ ಬಂದು, ಆಮೇಲೆ ನಿಜವಾದ ಕಾರಾಯಿತು. ಡೆಟ್ರಾಯ್ಟ್‌ನ ಜೋ-ಹ್ಯಾನ್, ಮೌಂಟ್ ಕ್ಲೆಮೆನ್ಸ್‌ನ ಎಂಪಿಸಿ. ಇವುಗಳಲ್ಲಿ ಜೋ-ಹ್ಯಾನ್‌ನ ಮೈಯಚ್ಚುಗಳಷ್ಟು ಶುದ್ಧವಾದ ಕೆಲಸ ನಾನು ಬೇರೆ ಕಂಡಿಲ್ಲ.

1960ರ ದಶಕದಲ್ಲಿ ಅಂಟಿನ ಟ್ಯೂಬಿಗೆ ಕೆಟ್ಟ ಹೆಸರು ಬಂತು. ಟಾಲ್ಯೂಯೀನ್ ಇರುವ ಅಂಟನ್ನು ಮೂಸಿ ಮತ್ತೇರಿಸಿಕೊಳ್ಳುವ ಚಟ ಎಳೆಯರಲ್ಲಿ ಹಬ್ಬಿತ್ತು. ಇಲಿನಾಯ್‌ನ ಟೆಸ್ಟರ್ಸ್ ಕಂಪನಿ 1969ರಲ್ಲಿ ತನ್ನ ಅಂಟಿಗೆ ಸಾಸಿವೆ ಎಣ್ಣೆಯ ಘಾಟಿನ ಅಂಶ ಸೇರಿಸಿತು. ಸಾಸಿವೆ ಅರೆಯುವಾಗ ಮೂಗಿಗೆ ಬಡಿಯುವ ಅದೇ ಖಾರ. ಮೂಸುವವರಿಗೆ ಮೂಗು ಉರಿಯಿತು, ಅಂಟಿಸುವವರಿಗೆ ತೊಂದರೆಯಾಗಲಿಲ್ಲ. ರಸಾಯನದ ಒಂದು ಕಷ್ಟವನ್ನು ರಸಾಯನದಿಂದಲೇ ಪರಿಹರಿಸಿದ ಒಳ್ಳೆಯ ಕೆಲಸ ಅದು.

ನನ್ನನ್ನು ಕಾಡುವ ಕತೆ ಅದರ ನಂತರದ್ದು. 1970ರ ದಶಕದಲ್ಲಿ ಹಳೆಯ ಕಾರುಗಳ ಅಚ್ಚುಗಳು ಮಾರಾಟವಾಗದೆ ಕೂತಿದ್ದಾಗ, ಓಟದ ಕಾರುಗಳಿಗೆ ಬೇಡಿಕೆ ಇತ್ತೆಂದು ಎಷ್ಟೋ ಅಚ್ಚುಗಳಲ್ಲಿ ಚಕ್ರದ ಬಾಯಿಗಳನ್ನು ಅಗಲಿಸಿದರು, ಬಂಪರ್‌ಗಳನ್ನು ತೆಗೆದುಹಾಕಿದರು. 1978ರಲ್ಲಿ ಎಎಂಟಿಯನ್ನು ಮ್ಯಾಚ್‌ಬಾಕ್ಸ್ ಕಾರುಗಳ ಇಂಗ್ಲೆಂಡಿನ ಲೆಸ್ನಿ ಕಂಪನಿ ಕೊಂಡಿತು. ಟ್ರಾಯ್‌ನ ಕೆಲಸ ಬಾಲ್ಟಿಮೋರ್‌ಗೆ ಹೋಯಿತು. ಮುಂದೆ ಅದರ ಒಡೆತನ ಅಯೋವಾದ ಅರ್ಟಲ್ ಕಂಪನಿಗೆ, ಈಗ ಇಂಡಿಯಾನಾದ ರೌಂಡ್ 2 ಕಂಪನಿಗೆ. ಕ್ರೇನ್ ಇಲ್ಲದೆ ಎತ್ತಲಾಗದ ಉಕ್ಕಿನ ದಿಮ್ಮಿಗಳು ಲಾರಿಯಿಂದ ಲಾರಿಗೆ ಹೋಗುವಾಗ ಕೆಲವು ಕಳೆದವು, ಕೆಲವು ತುಕ್ಕು ಹಿಡಿದವು, ಕೆಲವು ಗುಜರಿ ಸೇರಿದವು. ಕಟ್ಟುವವರು ಬಿಡಲಿಲ್ಲ. ಉಳಿದ ಹಳೆಯ ಮೈಗಳಿಂದ ರಬ್ಬರ್ ಅಚ್ಚು ತೆಗೆದು ರೆಸಿನ್ ಹೊಯ್ದರು. 1980ರಿಂದ ಒಹಾಯೋದ ಟೊಲೀಡೊದಲ್ಲಿ ಎನ್‌ಎನ್‌ಎಲ್ ಎಂಬ ಕೂಟ ನಡೆಸುತ್ತ ಬಂದಿದ್ದಾರೆ. ಅಲ್ಲಿ ಮಾದರಿಗಳನ್ನು ಮೇಜಿನ ಮೇಲಿಟ್ಟು ಮಾತಾಡುವುದೇ ಮುಖ್ಯ, ಗೆಲುವು ಸೋಲು ಅಲ್ಲ. ಆ ಮೇಜುಗಳ ನಡುವೆ ನಡೆಯುವಾಗ ಬೇರೆಬೇರೆ ಕಾಲದ ಟೂಲ್‌ಮೇಕರ್‌ಗಳ ಕೈಬರಹ ನನಗೆ ಓದಲು ಸಿಗುತ್ತದೆ. ಈಚೆಗೆ ರೌಂಡ್ 2, ಅಚ್ಚು ಇಲ್ಲವಾದ ಕೆಲವು ಹಳೆಯ ಕಿಟ್‌ಗಳನ್ನು ಹೊಸ ಅಚ್ಚು ಮಾಡಿಸಿಯೇ ಮತ್ತೆ ತರುತ್ತಿದೆ. ಇದು ಮೆಚ್ಚಬೇಕಾದ ಕೆಲಸ.

ಕಿಟ್ ಡಬ್ಬಿಗಳ ಮೇಲೆ ಬ್ಯಾರಿಸ್ ಹೆಸರಿದೆ, ರಾತ್ ಹೆಸರಿದೆ, ಡೇನಿಯಲ್ ಹೆಸರಿದೆ. ಅಚ್ಚು ಕಡೆದ ಒಬ್ಬನ ಹೆಸರೂ ಅವುಗಳ ಮೇಲೆ ನಾನು ಕಂಡಿಲ್ಲ. ನನ್ನ ಪಕ್ಕದ ಬೆಂಚಿನ ಹಿರಿಯರು ತೀರಿಕೊಂಡಾಗ ಅವರು ಕಡೆದ ಕಾರುಗಳ ಪಟ್ಟಿ ಎಲ್ಲೂ ಬರೆದಿರಲಿಲ್ಲ. ಪೀಣ್ಯ, ರಾಜಾಜಿನಗರದ ಟೂಲ್ ರೂಮ್ ನಡೆಸುವವರಲ್ಲಿ ನನ್ನದೊಂದು ಬೇಡಿಕೆ: ಬಾಚಣಿಗೆಯದಾಗಲಿ, ಸ್ವಿಚ್ಚಿನದಾಗಲಿ, ಆಟಿಕೆಯದಾಗಲಿ, ಹಳೆಯ ಅಚ್ಚನ್ನು ಗುಜರಿಗೆ ತೂಗಿ ಕೊಡುವ ಮುನ್ನ ಅದರ ಫೋಟೋ ತೆಗೆದಿಡಿ, ಕಡೆದ ವರ್ಷ ಬರೆಯಿರಿ, ಕಡೆದವರ ಹೆಸರನ್ನು ತಪ್ಪದೆ ಬರೆಯಿರಿ.